ಸ್ಕಾಟ್ಲೆಂಡಿನ ಐತಿಹಾಸಿಕ ಮತ್ತು ಅತಿಮಾನುಷ ಪ್ರಣಯ ಕಾದಂಬರಿ

ಸ್ಕಾಟ್ಲೆಂಡಿನ ಗತಕಾಲವನ್ನು, ಅದರಲ್ಲೂ ಉತ್ತರದ ಹೈಲ್ಯಾಂಡ್ ಗುಡ್ಡನಾಡಿನ ಕುಲಗಳ ಬದುಕನ್ನು ಹಿನ್ನೆಲೆಯಾಗಿಟ್ಟುಕೊಂಡ ಇಂಗ್ಲಿಷ್ ಜನಪ್ರಿಯ ಕಾದಂಬರಿ ಪ್ರಕಾರ. ಕಾಲಯಾನ, ಯಕ್ಷಿಣಿಯರು, ಶಾಪ, ಭವಿಷ್ಯ ಕಾಣುವ ಕಣ್ಣು ಮೊದಲಾದವು ಬೆರೆತಾಗ ಅದನ್ನು ಅತಿಮಾನುಷ ಪ್ರಣಯ ಕಾದಂಬರಿ ಎನ್ನುತ್ತಾರೆ. ನೆಲ ಸ್ಕಾಟ್ಲೆಂಡಿನದಾದರೂ ಇಂದು ಹೆಸರಾದ ಲೇಖಕಿಯರಲ್ಲಿ ಅನೇಕರು ಅಮೆರಿಕ, ಕೆನಡಾಗಳವರು.

ಈ ಪ್ರಕಾರದ ಬೇರು ವಾಲ್ಟರ್ ಸ್ಕಾಟ್‌ನಲ್ಲಿದೆ. ಅವನಿಗಿಂತ ತುಸು ಮೊದಲೇ, 1810ರಲ್ಲಿ, ಜೇನ್ ಪೋರ್ಟರ್ ‘ದ ಸ್ಕಾಟಿಷ್ ಚೀಫ್ಸ್’ ಬರೆದಿದ್ದಳು. ಆದರೆ ಗುಡ್ಡನಾಡನ್ನು ಓದುಗರ ಕನಸಿನ ಸೀಮೆಯಾಗಿಸಿದ್ದು 1814ರಲ್ಲಿ ಹೆಸರು ಹಾಕಿಕೊಳ್ಳದೆ ಸ್ಕಾಟ್ ಪ್ರಕಟಿಸಿದ ‘ವೇವರ್ಲಿ’. 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಸ್ವಾಗತದ ಉತ್ಸವವನ್ನೆಲ್ಲ ರೂಪಿಸಿದವನೂ ಅವನೇ. ದೊರೆ ಟಾರ್ಟನ್ ಎಂಬ ಚೌಕುಳಿ ಬಟ್ಟೆಯ ಗುಡ್ಡನಾಡಿನ ಉಡುಗೆ ಉಟ್ಟು ನಿಂತ. ಕೆಲವೇ ದಶಕಗಳ ಹಿಂದೆ ಕಾನೂನು ನಿಷೇಧಿಸಿದ್ದ ಉಡುಗೆ ದೇಶದ ಗುರುತಾಯಿತು. ಇದೇ ಸ್ಕಾಟ್ 1827ರ ‘ದ ಸರ್ಜನ್ಸ್ ಡಾಟರ್’ ಕಥೆಯಲ್ಲಿ ಸ್ಕಾಟಿಷ್ ಹೆಣ್ಣೊಬ್ಬಳನ್ನು ಮೈಸೂರು ಸಂಸ್ಥಾನಕ್ಕೆ ತಂದು, ಹೈದರ್ ಮತ್ತು ಟಿಪ್ಪುವನ್ನು ಪಾತ್ರಗಳಾಗಿಸಿ, ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ನಡೆಸುತ್ತಾನೆ. ಅವನು ಭಾರತವನ್ನು ಕಂಡವನೇ ಅಲ್ಲ. ಅವನ ಹಿರಿಯ ಕೃತಿಗಳ ಪಕ್ಕದಲ್ಲಿಡುವಂಥದೇನಲ್ಲದಿದ್ದರೂ ಕನ್ನಡಿಗರು ಕುತೂಹಲಕ್ಕಾದರೂ ಓದಬೇಕಾದ ಕಥೆ. ಬಂಗಾಳಿ ಕಾದಂಬರಿಕಾರ ಬಂಕಿಮಚಂದ್ರರ ಮೇಲೆ ಸ್ಕಾಟ್‌ನ ಛಾಯೆಯನ್ನು ವಿಮರ್ಶಕರು ಗುರುತಿಸಿದ್ದಾರೆ; ಆ ಬಂಕಿಮರನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದರು.

ಈ ಕಾದಂಬರಿಗಳು ಸುತ್ತಿ ಸುತ್ತಿ ಬರುವುದು ಒಂದೇ ಸೋಲಿನ ಬಳಿಗೆ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ವಂಶವನ್ನು ಮತ್ತೆ ಪಟ್ಟಕ್ಕೇರಿಸಲು ಹೊರಟವರು ಜಾಕೊಬೈಟರು. ರಾಜಕುಮಾರ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟ್ 1745ರಲ್ಲಿ ಎಬ್ಬಿಸಿದ ದಂಗೆ 1746ರ ಏಪ್ರಿಲ್ 16ರಂದು ಇನ್ವರ್ನೆಸ್ ಬಳಿಯ ಕಲೋಡನ್ ಬಯಲಿನಲ್ಲಿ, ಒಂದು ಗಂಟೆಯೂ ಹಿಡಿಯದ ಕಾಳಗದಲ್ಲಿ ಮುಗಿಯಿತು. ಗುಡ್ಡನಾಡಿನ ಉಡುಗೆ ನಿಷೇಧವಾಯಿತು. ಅದು ತೆರವಾದದ್ದು 1782ರಲ್ಲಿ. ಕುಲದ ಒಡೆಯರ ನ್ಯಾಯಾಧಿಕಾರವೂ ಹೋಯಿತು. ಪ್ರಣಯ ಕಾದಂಬರಿಗೋ ಸುಖಾಂತ್ಯ ಬೇಕೇ ಬೇಕು, ಅದು ಓದುಗರೊಂದಿಗಿನ ಕರಾರು. ಚರಿತ್ರೆ ಅದನ್ನು ಕೊಡಲು ಒಪ್ಪುವುದಿಲ್ಲ. ಅತಿಮಾನುಷ ಅಂಶ ಇಲ್ಲಿ ಬರಿಯ ಮಸಾಲೆಯಾಗಿ ಬರುವುದಿಲ್ಲ ಎನ್ನಲು ಇದೇ ಕಾರಣ. ಸೋಲು ಮೊದಲೇ ಗೊತ್ತಿರುವ ನಾಯಕಿಯನ್ನು ಇಪ್ಪತ್ತನೆಯ ಶತಮಾನದಿಂದ ಕಳಿಸಿದರೆ ಕಥೆಗೆ ಇನ್ನೊಂದು ದಾರಿ ತೆರೆಯುತ್ತದೆ.

ಆ ದಾರಿಯನ್ನು ಹೆದ್ದಾರಿ ಮಾಡಿದ್ದು ಡಯಾನಾ ಗಬಾಲ್ಡನ್‌ಳ ‘ಔಟ್‌ಲ್ಯಾಂಡರ್’ (1991). ಅರಿಜೋನಾದಲ್ಲಿ ಅಧ್ಯಾಪಕಿಯಾಗಿದ್ದ ಆಕೆ ಕಾದಂಬರಿ ಬರೆಯುವುದನ್ನು ಕಲಿಯಲೆಂದೇ 1988ರಲ್ಲಿ ಇದಕ್ಕೆ ತೊಡಗಿದಳು. ಆಗಿನ್ನೂ ಸ್ಕಾಟ್ಲೆಂಡ್ ನೋಡಿರಲಿಲ್ಲ. ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಹಳೆಯ ಕಂತಿನಲ್ಲಿ ಕಿಲ್ಟ್ ಉಟ್ಟ ಹುಡುಗನೊಬ್ಬನನ್ನು ಕಂಡದ್ದೇ ಪ್ರೇರಣೆ. ಎರಡನೆಯ ಮಹಾಯುದ್ಧದಲ್ಲಿ ದಾದಿಯಾಗಿದ್ದ ಕ್ಲೇರ್, ಗಂಡನೊಡನೆ ಇನ್ವರ್ನೆಸ್‌ಗೆ ಬಂದವಳು, ನಿಲುಗಲ್ಲುಗಳ ವೃತ್ತದಲ್ಲಿ ಕಾಲ ದಾಟಿ 1743ಕ್ಕೆ ಬೀಳುತ್ತಾಳೆ. ಅಲ್ಲಿ ಜೇಮಿ ಫ್ರೇಸರನ ಹೆಂಡತಿಯಾಗುತ್ತಾಳೆ. ಕಲೋಡನ್ ಬರುತ್ತಿದೆ ಎಂಬುದು ಅವಳಿಗೆ ಗೊತ್ತು, ಅವಳ ಸುತ್ತಲಿನವರಿಗೆ ಗೊತ್ತಿಲ್ಲ. ಕಾದಂಬರಿಯ ಬಿಗಿಯೆಲ್ಲ ಇಲ್ಲಿದೆ. ಗಾಯ, ಸೊಪ್ಪು, ಕಷಾಯಗಳ ವಿವರ ದಟ್ಟವಾಗಿದೆ, ಕ್ರೌರ್ಯದ ಪುಟಗಳು ಎದೆ ನಡುಗಿಸುತ್ತವೆ. ಅದರಲ್ಲಿನ ಗೀಲಿಸ್ ಡಂಕನ್ ಎಂಬ ಹೆಸರು 1590ರ ನಾರ್ತ್ ಬೆರ್ವಿಕ್ ಮಾಟಗಾತಿ ವಿಚಾರಣೆಯ ಕಡತಗಳಲ್ಲಿ ಇರುವಂಥದೇ. ತನ್ನ ಕೃತಿ ಪ್ರಣಯ ಕಾದಂಬರಿಯಲ್ಲ ಎಂದು ಲೇಖಕಿ ವಾದಿಸುತ್ತಲೇ ಬಂದಿದ್ದಾಳೆ. ಅಮೆರಿಕದ ಪ್ರಣಯ ಲೇಖಕರ ಸಂಘ ಮಾತ್ರ ಅದಕ್ಕೇ ತನ್ನ ರೀಟಾ ಪ್ರಶಸ್ತಿ ಕೊಟ್ಟಿತು. 2014ರಲ್ಲಿ ಟಿವಿ ಧಾರಾವಾಹಿ ಶುರುವಾದ ಮೇಲೆ ಅದರ ಚಿತ್ರೀಕರಣ ನಡೆದ ಡೂನ್ ಕೋಟೆಗೂ ಕಲೋಡನ್ನಿನ ಫ್ರೇಸರ್ ಕುಲದ ಸಮಾಧಿಗಲ್ಲಿಗೂ ಜನ ಮುಗಿಬಿದ್ದರು. ಇಲ್ಲದ ಜೇಮಿಗಾಗಿ ನಿಜವಾಗಿ ಸತ್ತವರ ಮೇಲೆ ಹೂವಿಡುವುದು ಸ್ಥಳೀಯರಲ್ಲಿ ಕೆಲವರಿಗೆ ಹಿಡಿಸಲಿಲ್ಲ.

ಕರೆನ್ ಮರೀ ಮೋನಿಂಗ್‌ಳ ‘ಹೈಲ್ಯಾಂಡರ್’ ಸರಣಿ (1999ರಿಂದ) ಇನ್ನೂ ಸಲಿಗೆಯದು. ಇಲ್ಲಿ ಯಕ್ಷಲೋಕದವರೇ ನಾಯಕಿಯನ್ನು ಎತ್ತಿ ಬೇರೆ ಶತಮಾನಕ್ಕೆ ಎಸೆಯುತ್ತಾರೆ. ಐದು ಶತಮಾನ ಗುಹೆಯಲ್ಲಿ ಮಲಗಿದ್ದವನು ಅಮೆರಿಕದ ಪ್ರವಾಸಿ ಹುಡುಗಿಯಿಂದ ಎಚ್ಚರಗೊಳ್ಳುತ್ತಾನೆ. ಕೆನಡಾದ ಸುಸಾನಾ ಕಿಯರ್ಸ್ಲಿಯ ‘ದ ವಿಂಟರ್ ಸೀ’ (2008) ಇದರ ತದ್ವಿರುದ್ಧ. ಸ್ಲೇನ್ಸ್ ಕೋಟೆಯ ಹಿನ್ನೆಲೆಯಲ್ಲಿ 1708ರ ವಿಫಲ ಜಾಕೊಬೈಟ್ ಯತ್ನದ ಬಗ್ಗೆ ಕಾದಂಬರಿ ಬರೆಯಲು ಕೂತವಳಿಗೆ ತಾನು ಕಟ್ಟುತ್ತಿರುವುದು ಕಲ್ಪನೆಯಲ್ಲ, ಪೂರ್ವಜೆಯ ನೆನಪು ಎಂದು ತಿಳಿಯುತ್ತ ಹೋಗುತ್ತದೆ. ಈ ಮೂವರಲ್ಲಿ ಬರವಣಿಗೆಯ ಸಂಯಮಕ್ಕೆ ಮೊದಲ ಸ್ಥಾನ ಕಿಯರ್ಸ್ಲಿಗೇ ಸಲ್ಲಬೇಕು.

ಲೇಖಕಿಯರಿಗೆ ಸಾಮಗ್ರಿಯ ಬರವಿಲ್ಲ. ಆಬರ್ಫಾಯ್ಲ್‌ನ ಪಾದ್ರಿ ರಾಬರ್ಟ್ ಕರ್ಕ್ ಹದಿನೇಳನೆಯ ಶತಮಾನದ ಕೊನೆಯಲ್ಲಿ ಯಕ್ಷಿಣಿಯರ ಬಗ್ಗೆ ಗಂಭೀರವಾಗಿ ಗ್ರಂಥವನ್ನೇ ಬರೆದ. 1692ರಲ್ಲಿ ಅವನು ಸತ್ತಾಗ, ಸತ್ತಿಲ್ಲ, ಅವರೇ ಗುಡ್ಡದೊಳಗೆ ಒಯ್ದರು ಎಂದು ಊರವರು ಹೇಳಿಕೊಂಡರು. ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳ ಕಥೆಗಳಲ್ಲಿ ಸೀಲ್ ಪ್ರಾಣಿಯ ಚರ್ಮ ಕಳಚಿ ಹೆಣ್ಣಾಗುವ ಸೆಲ್ಕಿಯಿದ್ದಾಳೆ. ಸ್ಕೈ ದ್ವೀಪದ ಡನ್‌ವೆಗನ್ ಕೋಟೆಯಲ್ಲಿ ಯಕ್ಷಿಣಿ ಕೊಟ್ಟದ್ದೆನ್ನುವ ಧ್ವಜ ಇಂದಿಗೂ ಇದೆ. ಹಾವು, ಮೃಗ, ಕೆಂಡವಾಗಿ ರೂಪ ಬದಲಿಸುವ ಪ್ರಿಯಕರನನ್ನು ಬಿಡದೆ ತಬ್ಬಿ ಯಕ್ಷರಾಣಿಯಿಂದ ಬಿಡಿಸಿಕೊಳ್ಳುವ ‘ಟಾಮ್ ಲಿನ್’ ಲಾವಣಿಯಂತೂ ಈ ಪ್ರಕಾರದ ಅಚ್ಚೇ ಸರಿ. ಆ ಲಾವಣಿ ಗುಡ್ಡನಾಡಿನದಲ್ಲ, ದಕ್ಷಿಣದ ಗಡಿಸೀಮೆಯದು ಎಂಬುದನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ಇಂಥ ಕಲಬೆರಕೆ ಇಲ್ಲಿ ಸಾಮಾನ್ಯ. ಮೈಮೇಲೆ ಹೊದ್ದು ಸೊಂಟಕ್ಕೆ ಬಿಗಿಯುವ ದೊಡ್ಡ ಪ್ಲೇಡ್ ರೂಢಿಗೆ ಬಂದದ್ದು ಹದಿನಾರನೆಯ ಶತಮಾನದ ಕೊನೆಗೆ, ಈಗಿನ ಗಿಡ್ಡ ಕಿಲ್ಟ್ ಹದಿನೆಂಟನೆಯ ಶತಮಾನದ್ದು. ಕಾದಂಬರಿಗಳಲ್ಲಿ ಹನ್ನೆರಡನೆಯ ಶತಮಾನದ ನಾಯಕನೂ ಕುಲದ ಬಣ್ಣದ ಪ್ಲೇಡ್ ತೊಟ್ಟಿರುತ್ತಾನೆ. ಗೇಲಿಕ್ ಆಡಬೇಕಾದವರು ತಗ್ಗುನಾಡಿನ ಸ್ಕಾಟ್ಸ್ ನುಡಿಯಲ್ಲಿ ‘ಲ್ಯಾಸ್’ (ಹುಡುಗಿ) ಎಂದು ಮುದ್ದು ಮಾಡುತ್ತಾರೆ. ಕಲೋಡನ್ನಿನ ಅನಂತರ ಕುರಿ ಸಾಕಲೆಂದು ಒಕ್ಕಲುಗಳನ್ನು ಎಬ್ಬಿಸಿದವರಲ್ಲಿ ಕುಲದ ಒಡೆಯರೂ ಇದ್ದರು ಎಂಬ ಕಹಿಸತ್ಯ ಅಪರೂಪಕ್ಕೆ ಬರುತ್ತದೆ, ಏಕೆಂದರೆ ಇಲ್ಲಿನ ನಾಯಕ ಬಹುಪಾಲು ಅಂಥ ಒಡೆಯನೇ.

ಹೊಸದಾಗಿ ಓದುವವರಿಗೆ ಜೂಲಿ ಗಾರ್ವುಡ್‌ಳ ‘ದ ಸೀಕ್ರೆಟ್’ (1992) ಸುಲಭದ ಬಾಗಿಲು: ಮಾಯಮಂತ್ರವಿಲ್ಲ, ನಗುವಿದೆ, ಬಾಣಂತಿಯಾಗಲಿರುವ ಗೆಳತಿಗಾಗಿ ಗಡಿ ದಾಟಿ ಬರುವ ಇಂಗ್ಲಿಷ್ ಹೆಣ್ಣಿದ್ದಾಳೆ. ‘ಔಟ್‌ಲ್ಯಾಂಡರ್’ ಸರಣಿಯಲ್ಲಿ 2021ರ ವೇಳೆಗೆ ಒಂಬತ್ತು ದಪ್ಪ ಸಂಪುಟಗಳು ಬಂದಿದ್ದವು. ಅವನ್ನು ಬಂದ ಕ್ರಮದಲ್ಲೇ ಓದಬೇಕು, ಮೊದಲ ಮೂರಕ್ಕೆ ನಿಲ್ಲಿಸಿದರೂ ನಷ್ಟವಿಲ್ಲ. ಮೋನಿಂಗ್‌ಳ ಹೈಲ್ಯಾಂಡ್ ಕಥೆಗಳನ್ನು ಮುಗಿಸಿಕೊಂಡು ಅವಳ ಡಬ್ಲಿನ್ ಹಿನ್ನೆಲೆಯ ‘ಫೀವರ್’ ಸರಣಿಗೆ ಹೋದರೆ ಹೈಲ್ಯಾಂಡ್ ಕಥೆಗಳ ಮೆಕ್‌ಕೆಲ್ಟರ್ ಮನೆತನದವರು ಅಲ್ಲೂ ಎದುರಾಗುತ್ತಾರೆ.