ಏರಿ, ತೂಬು, ಗೋಡು

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಲದಲ್ಲಿ ವಿಜಯನಗರದ ಕಾಲದ ಕೆರೆಯೊಂದಿದೆ. ಕಟ್ಟಿಸಿದವನು ಒಂದನೇ ಬುಕ್ಕರಾಯನ ಮಗ ಭಾಸ್ಕರ. ಶಾಸನದ ವರ್ಷ 1369. ದಿನಕ್ಕೆ ಸಾವಿರ ಆಳು, ಕಲ್ಲು ಹೇರಲು ನೂರು ಬಂಡಿ, ಎರಡು ವರ್ಷದ ದುಡಿಮೆ ಎಂದು ಲೆಕ್ಕವನ್ನೂ ಕೊಟ್ಟಿದ್ದಾನೆ. ಆದರೆ ಈ ಸಂಸ್ಕೃತ ಶಾಸನದ ನಿಜವಾದ ಬೆಲೆ ಬೇರೆ ಕಡೆ ಇದೆ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಯನ್ನು ಕೆಡಿಸುವ 6 ದೋಷಗಳನ್ನೂ ಅದು ಎಣಿಸಿ ಹೇಳುತ್ತದೆ.

ನೆಲ ಗಟ್ಟಿ ಜೇಡಿಯಾಗಿರಬೇಕು. ಎರಡು ಗುಡ್ಡಗಳ ನಡುವೆ ಏರಿ ಕೂರಬೇಕು. ಅದು ತೀರ ಉದ್ದವಾಗಬಾರದು. ಹತ್ತಿರದಲ್ಲೇ ಕಲ್ಲುಗಣಿ ಇರಬೇಕು, ಕೆಲಸ ಬಲ್ಲ ಆಳುಗಳಿರಬೇಕು. ಇನ್ನು ದೋಷಗಳು: ಏರಿ ಒಸರುವುದು, ಸವಳು ಮಣ್ಣು, ಕೆರೆಯಂಗಳದ ನಡುವೆ ದಿಬ್ಬ, ನೀರು ಕಡಿಮೆಯಾಗಿ ನೆಲ ಹೆಚ್ಚಾಗುವುದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗುವುದು. ಆರನೆಯದು, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು. ಕಾವೇರಿ ಜಗಳ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆರೆ ಕಟ್ಟುವುದು ಪುಣ್ಯದ ಕೆಲಸ, ಹೆಸರು ತರುವ ಕೆಲಸ. ಉಳಿಸಿಕೊಳ್ಳುವುದು ಮಾತ್ರ ವರ್ಷವರ್ಷದ ಪಾಡು. ಕನ್ನಡ ನಾಡಿನ ಶಾಸನಗಳು ಇದನ್ನು ಚೆನ್ನಾಗಿ ಅರಿತಿದ್ದವು. ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಹೆಸರುಗಳಲ್ಲಿ ಕೆರೆ ಕಟ್ಟಿದವರಿಗೆ, ಕಾಯ್ದುಕೊಂಡವರಿಗೆ ಜಮೀನು ಅಥವಾ ಬೆಳೆಯ ಪಾಲು ಬಿಟ್ಟುಕೊಟ್ಟದ್ದು ಅವುಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕೆರೆಯ ಖರ್ಚನ್ನು ಕೆರೆಯ ನೀರೇ ದುಡಿದು ಕೊಡಬೇಕೆಂಬ ಏರ್ಪಾಡು ಅದು.

ಊರಿನಲ್ಲಿ ಈ ಹೊಣೆ ನೀರುಗಂಟಿಯದಾಗಿತ್ತು. ತೂಬಿನ ಕಲ್ಲುಗಂಬಗಳ ನಡುವೆ ಇಳಿಬಿಟ್ಟ ಗೂಟವನ್ನು ಎತ್ತಿ ನೀರು ಬಿಡುವವನು ಅವನೇ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡಿಕೊಳ್ಳುವುದೂ ಅವನದೇ ಕೆಲಸ. ಅವನಿಗೆ ಸಂಬಳವಿರಲಿಲ್ಲ, ಸುಗ್ಗಿಯಲ್ಲಿ ಕಣದಿಂದ ಕಾಳು ಸಿಗುತ್ತಿತ್ತು.

ಬೇಸಿಗೆಯಲ್ಲಿ ಕೆರೆ ಬತ್ತಿದರೆ ಇನ್ನೊಂದು ಕೆಲಸ ಶುರು: ಗೋಡು ಹೊಡೆಯುವುದು. ಮಳೆನೀರಿನೊಂದಿಗೆ ಮೇಲಿನ ಹೊಲಗಳಿಂದ ಕೊಚ್ಚಿಬಂದ ಮಣ್ಣು ಅಂಗಳದಲ್ಲಿ ಕೂತಿರುತ್ತದೆ, ಅದೇ ಗೋಡು. ಕೋಲಾರ, ತುಮಕೂರಿನ ಕಡೆಯ ಕೆಂಪು ಮರಳುಮಿಶ್ರಿತ ಹೊಲಕ್ಕೆ ಅದನ್ನು ಗಾಡಿಗಟ್ಟಲೆ ಹೇರಿದರೆ ಮಣ್ಣಿಗೆ ಕಸುವು, ತೇವ ಹಿಡಿದಿಡುವ ಶಕ್ತಿ. ಮಣ್ಣು ತೆಗೆದಷ್ಟು ನೀರಿನ ಹಿಡಿತ ಕೆರೆಗೂ ಮರಳಿ ಬರುತ್ತದೆ. ಹೀಗೆ ಮಣ್ಣು ಕೆಳಕ್ಕೆ ಹೋಗಿ ಮೇಲಕ್ಕೆ ಬರುತ್ತಿತ್ತು. ಹೂಳೆತ್ತಲು ಟೆಂಡರ್ ಕರೆಯುವ ಪದ್ಧತಿ ಆಗ ಇರಲಿಲ್ಲ. ಗೊಬ್ಬರದ ಆಸೆಯೇ ಹೂಳೆತ್ತುತ್ತಿತ್ತು.

ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ 1866ರಲ್ಲಿ ಸಂಸ್ಥಾನವನ್ನು ಪರಿಶೀಲಿಸಿ ಬೆರಗಾದ. 27,269 ಚದರ ಮೈಲಿಯ ನಾಡಿನಲ್ಲಿ ಹೆಚ್ಚುಕಡಿಮೆ ಶೇ. 60ರಷ್ಟು ಪ್ರದೇಶ ಕೆರೆಗಳ ಸರಣಿಗೆ ಒಳಪಟ್ಟಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂದು ಅವನು ಬರೆದ. ಸರಣಿ ಎಂಬುದೇ ಇಲ್ಲಿ ಮುಖ್ಯ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮೇಲಿನ ಏರಿ ಒಡೆದರೆ ಕೆಳಗಿನವಕ್ಕೂ ಅಪಾಯ. ಒಂದೂರಿನ ಸೋಮಾರಿತನಕ್ಕೆ ಇನ್ನೊಂದೂರು ದಂಡ ತೆರಬೇಕಾಗುತ್ತಿತ್ತು.

ಕಂದಾಯ ಸರ್ಕಾರಕ್ಕೆ, ದುರಸ್ತಿ ರೈತನಿಗೆ ಎಂಬ ಹೊಸ ಲೆಕ್ಕ ಬಂದಮೇಲೆ ಹಳೆಯ ಕಟ್ಟು ಸಡಿಲವಾಯಿತು. ಅದನ್ನು ಬಿಗಿಗೊಳಿಸಲು ಮೈಸೂರು ಸರ್ಕಾರ 1911ರಲ್ಲಿ ಕೆರೆ ಪಂಚಾಯ್ತಿಗಳಿಗಾಗಿ ಕಾಯ್ದೆಯನ್ನೇ ತಂದಿತು. ಆಮೇಲೆ ಬೋರ್‌ವೆಲ್ ಬಂತು. ನೀರು ತೂಬಿನಿಂದ ಬರುವ ಬದಲು ಸ್ವಂತ ಹೊಲದಲ್ಲೇ ಸಿಕ್ಕಾಗ ನೀರುಗಂಟಿಯ ಮಾತು ಕೇಳುವವರು ಯಾರು?

ಕೋಲಾರದ ಕೆರೆಗಳಿಗೆ 2018ರ ಜೂನ್‌ನಲ್ಲಿ ಮತ್ತೆ ನೀರು ಬಂತು, ಮೋಡದಿಂದಲ್ಲ, ಬೆಂಗಳೂರಿನ ಬಚ್ಚಲುಗಳಿಂದ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡು ಹಂತದ ಶುದ್ಧೀಕರಣ ಮುಗಿಸಿದ ನೀರನ್ನು ಮೊದಲು ಲಕ್ಷ್ಮೀಸಾಗರ ಕೆರೆಗೆ ಹಾಯಿಸಿದರು. ಮೂರನೇ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆಂಬ ತಕರಾರು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಒಂದು ಕೆರೆಯಿಂದ ಇನ್ನೊಂದಕ್ಕೆ ಅದು ಹರಿದದ್ದು ಮಾತ್ರ ಬಹುಮಟ್ಟಿಗೆ ಹಳೆಯ ಕೋಡಿ, ಕಾಲುವೆಗಳ ದಾರಿಯಲ್ಲೇ.