ಹೆಸರಿಲ್ಲದ ಕೈ ಕಟ್ಟಿದ ಮೂಗು

ಮುಂಬಯಿಯ ಲೋಕಲ್ ರೈಲಿನಲ್ಲಿ ಓಡಾಡುವ ನಮಗೆಲ್ಲ ಸುರೂಪ ಚಿಕಿತ್ಸೆಯ ಜಾಹೀರಾತುಗಳು ಹೊಸತಲ್ಲ. ಡೊಂಕು ಮೂಗನ್ನು ನೆಟ್ಟಗೆ ಮಾಡುವ, ಬೋಳುತಲೆಗೆ ಕೂದಲು ನಾಟಿ ಮಾಡುವ, ಮುಖದ ಸುಕ್ಕು ತೆಗೆಯುವ ವಾಗ್ದಾನಗಳು ನಿಲ್ದಾಣದಿಂದ ನಿಲ್ದಾಣಕ್ಕೆ ನಮ್ಮನ್ನು ಹಿಂಬಾಲಿಸುತ್ತವೆ. ಪ್ಲಾಸ್ಟಿಕ್ ಸರ್ಜರಿಯೆಂದರೆ ಸಿನಿಮಾದವರ ಮತ್ತು ಸಿರಿವಂತರ ಶೋಕಿ, ಪಶ್ಚಿಮದಿಂದ ಬಂದ ಹೊಸ ವಿದ್ಯೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದಕ್ಕೆ ಎದುರಾಗಿ, ಎಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇತ್ತು ಎಂಬ ಹೆಮ್ಮೆಯ ಮಾತೂ ಆಗಾಗ ಕೇಳಿಬರುತ್ತದೆ. ಈ ಎರಡು ಮಾತುಗಳ ನಡುವೆ ಮರೆಯಾಗಿರುವ ಒಬ್ಬ ಮನುಷ್ಯನ ಕಡೆಗೆ ಓದುಗರ ಗಮನ ಸೆಳೆಯುವುದು ಈ ಲೇಖನದ ಉದ್ದೇಶ. ಅವನು ಪುಣೆಯ ಬಳಿಯಲ್ಲಿದ್ದ ಇಟ್ಟಿಗೆ ಮಾಡುವ ಜಾತಿಯವನು. ಅವನ ಕಥೆ ಆರಂಭವಾಗುವುದು ಮಾತ್ರ ನಮ್ಮ ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ.

1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುಸುಲ್ತಾನನ ಎದುರು ಇಂಗ್ಲಿಷರು, ಮರಾಠರು ಮತ್ತು ಹೈದರಾಬಾದಿನ ನಿಜಾಮ ಒಂದುಗೂಡಿದ್ದರು. ಅಂದಿನ ಸೈನ್ಯ ನಡೆಯುತ್ತಿದ್ದುದು ಎತ್ತುಗಳ ಬಲದ ಮೇಲೆ. ತೋಪು, ಮದ್ದುಗುಂಡು, ದವಸ ಎಲ್ಲವನ್ನೂ ಎತ್ತುಗಳೇ ಹೊರಬೇಕು ಅಥವಾ ಎಳೆಯಬೇಕು. ಆದ್ದರಿಂದ ಎತ್ತು ಹೊಡೆಯುವವನು ಆಯುಧ ಹಿಡಿಯದಿದ್ದರೂ ಶತ್ರುವಿನ ಕಣ್ಣಿಗೆ ಸೈನಿಕನಷ್ಟೇ ಮುಖ್ಯನಾಗಿದ್ದ. ಇಂಗ್ಲಿಷ್ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದ ಕವಾಸ್ಜಿ ಎಂಬವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಅದೇ ಸ್ಥಿತಿಯಲ್ಲಿ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿದ್ದ ಮುಂಬಯಿ ಸೈನ್ಯವನ್ನು ಸೇರಿಕೊಂಡ. ಮುಂದೆ ಕಂಪೆನಿ ಅವನಿಗೆ ಪಿಂಚಣಿ ಕೊಟ್ಟಿತು. ಹೆಸರು ಪಾರ್ಸಿಯವರದಂತೆ ಕೇಳಿಸಿದರೂ ಅವನನ್ನು ಕುರಿತ ಬರಹ ಅವನು ಮರಾಠ ಒಕ್ಕಲಿಗನೆಂದೇ ಹೇಳುತ್ತದೆ.

ಈ ಕ್ರೌರ್ಯವನ್ನು ಒಬ್ಬ ಅರಸನ ಲೆಕ್ಕಕ್ಕೆ ಮಾತ್ರ ಬರೆದು ಕೈತೊಳೆದುಕೊಳ್ಳುವಂತಿಲ್ಲ. 17ನೆಯ ಶತಮಾನದ ನಡುವಿನಲ್ಲಿ ಮೈಸೂರಿನ ಒಡೆಯರ ಸೈನ್ಯ ಮಧುರೆಯ ತಿರುಮಲ ನಾಯಕನ ನಾಡಿನ ಮೇಲೆ ನುಗ್ಗಿದಾಗ ಸಿಕ್ಕಸಿಕ್ಕವರ ಮೂಗು ಕೊಯ್ದಿತೆಂದೂ, ಮಧುರೆಯವರು ಅದೇ ರೀತಿಯಲ್ಲಿ ಸೇಡು ತೀರಿಸಿಕೊಂಡರೆಂದೂ ಆ ಕಾಲದ ಜೆಸುಯಿಟ್ ಪಾದ್ರಿಗಳ ಪತ್ರಗಳಿಂದ ತಿಳಿಯುತ್ತದೆ. ತಮಿಳುನಾಡಿನ ಇತಿಹಾಸದಲ್ಲಿ ಅದಕ್ಕೆ ಮೂಗು ಕೊಯ್ಯುವ ಯುದ್ಧ ಎಂದೇ ಹೆಸರು. ರಾಮಾಯಣದ ಶೂರ್ಪನಖಿಯ ಪ್ರಸಂಗ ನಡೆದ ಸ್ಥಳವೆಂದು ಜನ ನಂಬುವ ನಾಸಿಕ ಮುಂಬಯಿಯಿಂದ ಬಹು ದೂರವೇನಲ್ಲ. ವ್ಯಭಿಚಾರದ ಶಂಕೆಯಿಂದ ಹೆಂಡತಿಯ ಮೂಗು ಕೊಯ್ದ ಗಂಡಂದಿರು ಈ ದೇಶದಲ್ಲಿ ಇತ್ತೀಚಿನವರೆಗೂ ಇದ್ದರು. ಕೈ ಕಡಿದರೆ ದುಡಿಮೆ ನಿಲ್ಲುತ್ತದೆ. ಮೂಗು ಕಡಿದರೆ ಮನುಷ್ಯ ನಾಲ್ಕು ಜನರ ನಡುವೆ ನಿಲ್ಲುವುದೇ ನಿಲ್ಲುತ್ತದೆ. ಉಸಿರಾಟ, ಮಾತು, ಊಟ ಎಲ್ಲವೂ ನಡೆಯುತ್ತಿರುವಾಗ ಮಾನವನ್ನು ಮಾತ್ರ ತೆಗೆಯುವ ಶಿಕ್ಷೆ ಅದು. ಆದ್ದರಿಂದ ಹೊಸ ಮೂಗು ಕಟ್ಟುವ ವಿದ್ಯೆ ಈ ನೆಲದಲ್ಲಿ ಬೆಳೆದದ್ದು ಚೆಲುವಿನ ಬಯಕೆಯಿಂದಲ್ಲ, ಹೋದ ಮಾನವನ್ನು ಮರಳಿ ಪಡೆಯುವ ಅಗತ್ಯದಿಂದ.

ಕವಾಸ್ಜಿ ಒಂದು ವರ್ಷಕ್ಕೂ ಮೇಲ್ಪಟ್ಟು ಮೂಗಿಲ್ಲದೆಯೇ ಇದ್ದ. ಬಳಿಕ ಪುಣೆಯ ಸಮೀಪದ ಇಟ್ಟಿಗೆಗಾರನೊಬ್ಬ ಅವನಿಗೆ ಹೊಸ ಮೂಗು ಕಟ್ಟಿಕೊಟ್ಟ. ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಎಂಬ ಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಈ ವಿಷಯ ಒಂದು ಪತ್ರದ ರೂಪದಲ್ಲಿ ಪ್ರಕಟವಾಯಿತು. ಮುಂಬಯಿ ಪ್ರಾಂತ್ಯದ ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೆ ಎಂಬ ಇಬ್ಬರು ವೈದ್ಯರು ಈ ಬಗೆಯ ಚಿಕಿತ್ಸೆಯನ್ನು ಕಣ್ಣಾರೆ ಕಂಡಿದ್ದರು. ಪತ್ರದ ಜೊತೆಗೆ ಅಚ್ಚಾದ ಕವಾಸ್ಜಿಯ ಚಿತ್ರಕ್ಕೆ ಮೂಲವನ್ನು ಬರೆದವನು ಸ್ಕಾಟ್ಲೆಂಡಿನ ಜೇಮ್ಸ್ ವೇಲ್ಸ್. ಅವನು 1791ರಲ್ಲಿ ಮುಂಬಯಿಗೆ ಬಂದು, ಪುಣೆಯ ಪೇಶ್ವೆ ದರ್ಬಾರಿನ ಗಣ್ಯರ ಚಿತ್ರಗಳಿಂದ ಹೆಸರಾದ ಕಲಾವಿದ. ಚಿಕಿತ್ಸೆಯಾಗಿ ಹತ್ತು ತಿಂಗಳ ಮೇಲೆ, 1794ರ ಜನವರಿಯಲ್ಲಿ ಆ ಚಿತ್ರ ಸಿದ್ಧವಾಯಿತು.

ಪತ್ರದಲ್ಲಿರುವ ವಿವರಣೆ ಅಡುಗೆಯ ಕ್ರಮ ಹೇಳಿದಷ್ಟು ಸರಳವಾಗಿದೆ. ಮೊದಲು ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೊಂಡು ಭಾಗದ ಮೇಲೆ ಕೂರಿಸಿ ಮೂಗಿನ ಆಕಾರಕ್ಕೆ ತಿದ್ದುವುದು. ಆಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆಯುವುದು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸುವುದು. ಆದರೆ ಹುಬ್ಬುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಕತ್ತರಿಸದೆ ಉಳಿಸಿಕೊಳ್ಳುವುದು. ಬಿಡಿಸಿದ ಚರ್ಮಕ್ಕೆ ರಕ್ತ ಹರಿಯುವುದು ಈ ಪಟ್ಟಿಯ ಮೂಲಕವೇ. ಬಳಿಕ ಹಳೆಯ ಗಾಯದ ಅಂಚನ್ನು ಕೆತ್ತಿ ಹಸಿಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅದಕ್ಕೆಂದೇ ಮಾಡಿದ ಸೀಳಿನಲ್ಲಿ ಕೂರಿಸುವುದು. ಇಲ್ಲಿ ಹೊಲಿಗೆಯ ಮಾತೇ ಇಲ್ಲ. ವೀಳ್ಯದೊಡನೆ ನಾವು ಬಳಸುವ ಕಾಚನ್ನು ನೀರಿನಲ್ಲಿ ಮೆದುಮಾಡಿ, ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪದರಗಳನ್ನು ಒಂದರ ಮೇಲೊಂದು ಅಂಟಿಸಿದರೆ ಆಯಿತು. ನಾಲ್ಕು ದಿನಗಳ ಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಹಾಕುವುದು. ಮೊದಲ ಐದಾರು ದಿನ ರೋಗಿ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆಯ ಚೂರುಗಳನ್ನು ಒಳಗಿಡಬೇಕು. ಸುಮಾರು 25ನೆಯ ದಿನ ಹುಬ್ಬಿನ ನಡುವಿನ ಪಟ್ಟಿಯನ್ನು ಕತ್ತರಿಸಿ ಮೂಗನ್ನು ಸ್ವತಂತ್ರಗೊಳಿಸುವುದು. ಅರಿವಳಿಕೆ ಬಳಕೆಗೆ ಬರಲು ಇನ್ನೂ ಅರ್ಧ ಶತಮಾನ ಬಾಕಿಯಿತ್ತೆಂಬುದನ್ನು ನೆನೆದರೆ ರೋಗಿಯ ಧೈರ್ಯವೂ ಇಟ್ಟಿಗೆಗಾರನ ಕೈಯ ನಿಲುಗಡೆಯೂ ನಮಗೆ ಅರ್ಥವಾಗುತ್ತವೆ. ಮೂಗಿಗೆ ತುಪ್ಪ ಸವರುವುದೆಂದರೆ ನಮ್ಮ ಮಾತಿನಲ್ಲಿ ಸುಳ್ಳು ಆಸೆ ತೋರಿಸುವುದು. ಇಲ್ಲಿ ಅದು ನಿಜವಾದ ಆರೈಕೆಯಾಗಿತ್ತು.

ಈ ಪತ್ರವನ್ನು ಓದಿದ ಲಂಡನ್ನಿನ ಶಸ್ತ್ರವೈದ್ಯ ಜೋಸೆಫ್ ಕಾರ್ಪ್ಯೂ ಇಪ್ಪತ್ತು ವರ್ಷಗಳ ಮೇಲೆ, 1814ರಲ್ಲಿ, ಸೇನಾಧಿಕಾರಿಯೊಬ್ಬನ ಮೇಲೆ ಅದೇ ಕ್ರಮವನ್ನು ಪ್ರಯೋಗಿಸಿ ಯಶಸ್ವಿಯಾದ. ತನ್ನ ಎರಡು ಚಿಕಿತ್ಸೆಗಳ ವರದಿಯನ್ನು 1816ರಲ್ಲಿ ಪುಸ್ತಕವಾಗಿ ತಂದ. 1818ರಲ್ಲಿ ಬರ್ಲಿನ್ನಿನ ಗ್ರೇಫೆ ಈ ವಿಷಯದ ಮೇಲೆ ಬರೆದ ಗ್ರಂಥಕ್ಕೆ ರೈನೋಪ್ಲಾಸ್ಟಿಕ್ ಎಂದು ಹೆಸರಿಟ್ಟ. ಪ್ಲಾಸ್ಟಿಕ್ ಎಂಬುದು ಇಲ್ಲಿ ನಾವು ಬಲ್ಲ ಕೃತಕ ವಸ್ತುವಲ್ಲ. ಮಣ್ಣನ್ನು ತಿದ್ದಿ ರೂಪ ಕೊಡುವುದು ಎಂಬ ಅರ್ಥದ ಗ್ರೀಕ್ ಮೂಲದಿಂದ ಬಂದ ಮಾತು. ಮಣ್ಣನ್ನು ತಿದ್ದುವುದನ್ನೇ ಕಸುಬಾಗಿ ಉಳ್ಳವನ ವಿದ್ಯೆಗೆ ಯೂರೋಪು ತನಗೆ ತಿಳಿಯದೆಯೇ ಸರಿಯಾದ ಹೆಸರನ್ನು ಕೊಟ್ಟಿತು.

ಇನ್ನು ಶಾಸ್ತ್ರದ ಮಾತು. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯದಲ್ಲಿ ಕಿವಿಯ ಹಾಲೆಯನ್ನು ಕೂಡಿಸುವ ವಿಧಾನಗಳ ಜೊತೆಗೆ ಹೋದ ಮೂಗನ್ನು ಮತ್ತೆ ಕಟ್ಟುವ ವಿಧಾನವೂ ಇದೆ. ಮೂಗಿನ ಅಳತೆಗೆ ಒಂದು ಎಲೆಯನ್ನು ತೆಗೆದುಕೊಂಡು, ಆ ಪ್ರಮಾಣದ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಜೋಡಿಸಬೇಕು. ಉಸಿರಾಟಕ್ಕೆ ಎರಡು ನಾಳಗಳನ್ನಿಡಬೇಕು ಎಂದು ಅಲ್ಲಿ ಹೇಳಿದೆ. ಅಳತೆಗೊಂದು ಅಚ್ಚು, ಬೇರು ಬಿಡಿಸದ ಚರ್ಮ, ಹೊಳ್ಳೆಗಳ ರಕ್ಷಣೆ ಎಂಬ ತತ್ತ್ವಗಳು ಎರಡು ಕಡೆಯೂ ಒಂದೇ. ಆದರೆ ಪುಣೆಯವನು ಚರ್ಮ ತೆಗೆದದ್ದು ಕೆನ್ನೆಯಿಂದಲ್ಲ, ಹಣೆಯಿಂದ. ಹಣೆಯ ಚರ್ಮ ದಪ್ಪದಲ್ಲೂ ಬಣ್ಣದಲ್ಲೂ ಮೂಗಿಗೆ ಹೆಚ್ಚು ಹೊಂದುತ್ತದೆ, ಅದರ ರಕ್ತಪೂರೈಕೆಯೂ ಚೆನ್ನಾಗಿದೆ. ಗ್ರಂಥದಲ್ಲಿಲ್ಲದ ಈ ಸುಧಾರಣೆಯನ್ನು ಯಾರೋ ಕೈಯಿಂದ ಮಾಡಿ ನೋಡಿಯೇ ಕಂಡುಕೊಂಡಿರಬೇಕು. ಶವವನ್ನು, ರಕ್ತವನ್ನು ಮುಟ್ಟುವುದು ಮೈಲಿಗೆಯೆನಿಸಿದ ಸಮಾಜದಲ್ಲಿ ಓದುಬಲ್ಲ ವೈದ್ಯರು ಕತ್ತಿಯಿಂದ ದೂರ ಸರಿದರು, ಶಸ್ತ್ರವಿದ್ಯೆ ಗ್ರಂಥದಲ್ಲಿ ಉಳಿಯಿತು. ಅದನ್ನು ಬಾಳಿಸಿದವರು ಆ ಗ್ರಂಥವನ್ನು ಓದುವ ಅಧಿಕಾರವೇ ಇಲ್ಲದವರು. ಸುಶ್ರುತನ ಹೆಸರು ಹೇಳಿ ಹೆಮ್ಮೆಪಡುವಾಗ ಇವರನ್ನು ಮರೆತರೆ ಆ ಹೆಮ್ಮೆ ಅರ್ಧದ್ದಷ್ಟೇ.

ಪತ್ರವನ್ನು ಮತ್ತೊಮ್ಮೆ ನೋಡೋಣ. ಮೂಗು ಕಳೆದುಕೊಂಡವನ ಹೆಸರಿದೆ. ಚಿಕಿತ್ಸೆ ನೋಡಿದ ಇಬ್ಬರ ಹೆಸರಿದೆ. ಚಿತ್ರ ಬರೆದವನ ಹೆಸರನ್ನು ಕಲೆಯ ಇತಿಹಾಸ ಉಳಿಸಿಕೊಂಡಿದೆ. ಅನುಕರಿಸಿದ ಕಾರ್ಪ್ಯೂ ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಅಮರನಾದ. ಮೂಗು ಕಟ್ಟಿದವನದು ಮಾತ್ರ ಜಾತಿಯಷ್ಟೇ ದಾಖಲಾಗಿದೆ. ಆ ಹೊತ್ತಿಗೆ ಅವನ ಹೆಸರನ್ನು ಕೇಳಬೇಕೆಂದು ಇಂಗ್ಲಿಷರಿಗೂ ಅನ್ನಿಸಲಿಲ್ಲ, ನಮ್ಮವರಿಗೂ ಅನ್ನಿಸಲಿಲ್ಲ.

ಅವನ ಕ್ರಮ ಮಾತ್ರ ಇಂದಿಗೂ ಸತ್ತಿಲ್ಲ. ಅಪಘಾತದಲ್ಲಿ ಅಥವಾ ಚರ್ಮದ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಹಣೆಯ ಚರ್ಮವನ್ನೇ ಇಳಿಸುತ್ತಾರೆ. ಮೇಣದ ಹಾಳೆಯ ಜಾಗದಲ್ಲಿ ತೆಳುವಾದ ಲೋಹದ ಹಾಳೆ ಬಂದಿದೆ. ಕೆಲವೆಡೆ ಮುಖವನ್ನು ಸ್ಕ್ಯಾನ್ ಮಾಡಿ ತ್ರೀಡಿ ಮುದ್ರಣದಿಂದ ಅಚ್ಚು ತಯಾರಿಸುತ್ತಾರೆ. ಒಂದು ಬಗೆಯ ಹಸಿರು ಬಣ್ಣವನ್ನು ರಕ್ತನಾಳಕ್ಕೆ ಚುಚ್ಚಿ, ವಿಶೇಷ ಕ್ಯಾಮೆರಾದಲ್ಲಿ ಚರ್ಮಕ್ಕೆ ರಕ್ತ ಹರಿಯುತ್ತಿದೆಯೇ ಎಂದು ನೋಡುವ ತಂತ್ರವೂ ಬಂದಿದೆ. ಕಿವಿಯ ಅಥವಾ ಪಕ್ಕೆಯ ಮೃದ್ವಸ್ಥಿಯಿಂದ ಒಳಗಿನ ಚೌಕಟ್ಟು ಕಟ್ಟುತ್ತಾರೆ, ಒಳಪದರವನ್ನೂ ಕೂಡಿಸುತ್ತಾರೆ. ಇಟ್ಟಿಗೆಗಾರನ ಮೂಗಿನಲ್ಲಿ ಇವೆರಡೂ ಇರಲಿಲ್ಲವಾದ್ದರಿಂದ ಅದು ಕಾಲಕ್ರಮದಲ್ಲಿ ಕುಗ್ಗುವ ಸಂಭವವಿತ್ತು. ಇಷ್ಟಾದರೂ ಹುಬ್ಬಿನ ನಡುವಿನ ಪಟ್ಟಿಯನ್ನು ಬೇರ್ಪಡಿಸಲು ಇಂದಿನ ವೈದ್ಯರೂ ಸಾಮಾನ್ಯವಾಗಿ ಮೂರು ವಾರ ಕಾಯುತ್ತಾರೆ. ಇಟ್ಟಿಗೆಗಾರನ 25 ದಿನಗಳ ಲೆಕ್ಕ ಅನುಭವದಿಂದ ಬಂದದ್ದು, ಗಟ್ಟಿಯಾದದ್ದು.

ಮುಂಬಯಿ ಈ ಪರಂಪರೆಗೆ ಮತ್ತೊಂದು ಅಧ್ಯಾಯವನ್ನು ಸೇರಿಸಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದ ಡಾ. ನೋಶಿರ್ ಆಂಟಿಯಾ ಅವರು ಪುಣೆಯ ಹತ್ತಿರದ ಕೊಂಢ್ವಾದ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದರು. ಮುಂದೆ ಜೆ.ಜೆ. ಆಸ್ಪತ್ರೆಯ ಟಾಟಾ ಪ್ಲಾಸ್ಟಿಕ್ ಸರ್ಜರಿ ವಿಭಾಗವನ್ನು ಕಟ್ಟಿ ಬೆಳೆಸಿದರು. ಕುಷ್ಠದಲ್ಲಿ ಮೂಗಿನ ಹೊರಚರ್ಮ ಉಳಿದು ಒಳಪದರ ಮತ್ತು ಮೃದ್ವಸ್ಥಿ ನಾಶವಾಗುತ್ತವೆ, ಮೂಗು ಕುಸಿಯುತ್ತದೆ. ರೋಗ ವಾಸಿಯಾದ ಮೇಲೂ ಆ ಕುಸಿದ ಮೂಗು ಊರಿಗೆಲ್ಲ ಸಾರಿ ಹೇಳುತ್ತಿರುತ್ತದೆ. ಮನೆಯವರು ಹತ್ತಿರ ಸೇರಿಸುವುದಿಲ್ಲ, ಯಾರೂ ಕೆಲಸ ಕೊಡುವುದಿಲ್ಲ. ಅಂಥವರಿಗೆ ಮೂಗನ್ನು ಸರಿಪಡಿಸುವುದೆಂದರೆ ಊರಿಗೆ ಮರಳುವ ದಾರಿಯನ್ನು ತೆರೆಯುವುದು. 1990ರಲ್ಲಿ ಪದ್ಮಶ್ರೀ ಪಡೆದ ಆಂಟಿಯಾ 2007ರಲ್ಲಿ ತೀರಿಕೊಂಡರು. ಕೊನೆಯ ದಶಕಗಳಲ್ಲಿ ಅವರು ಹಳ್ಳಿಗಳ ಆರೋಗ್ಯದ ಕಡೆಗೆ ತಿರುಗಿದ್ದು ಆಕಸ್ಮಿಕವಲ್ಲ.

ಇದೇ ನಗರದ ಸಾಯನ್ ಆಸ್ಪತ್ರೆಯಲ್ಲಿ 2000ದಲ್ಲಿ ಚರ್ಮ ಬ್ಯಾಂಕ್ ಆರಂಭವಾಯಿತು. ಮರಣಾನಂತರ ಸುಮಾರು ಆರು ಗಂಟೆಗಳೊಳಗೆ ತೊಡೆ, ಕಾಲು, ಬೆನ್ನುಗಳಿಂದ ತೆಳುವಾದ ಪದರವನ್ನು ತೆಗೆದು ಗ್ಲಿಸರಾಲಿನಲ್ಲಿ ಕಾಪಿಡುತ್ತಾರೆ. ಸುಟ್ಟ ಗಾಯಗಳಿಂದ ಬಳಲುವವರ ಮೈಗೆ ಅದನ್ನು ಹೊದಿಸಿದರೆ ನೋವು ತಗ್ಗುತ್ತದೆ, ಸೋಂಕು ತಡೆಯುತ್ತದೆ, ತಮ್ಮದೇ ಚರ್ಮ ಬೆಳೆಯುವವರೆಗೆ ಜೀವ ಉಳಿಯುತ್ತದೆ. ಒಲೆಯ ಬೆಂಕಿಗೆ ಸಿಕ್ಕ ಹೆಂಗಸರು, ಕಾರ್ಖಾನೆಯಲ್ಲಿ ಸುಟ್ಟುಕೊಂಡ ಕೂಲಿಗಳು ಇದರ ಫಲಾನುಭವಿಗಳು. ಕಣ್ಣಿನ ದಾನಕ್ಕೆ ಒಪ್ಪುವ ಮನೆಗಳೂ ಚರ್ಮದಾನವೆಂದರೆ ಹಿಂಜರಿಯುತ್ತವೆ, ದೇಹ ವಿರೂಪವಾದೀತೆಂಬ ಭಯ ಇನ್ನೂ ಇದೆ.

ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ನಮ್ಮಲ್ಲುಂಟು. ಚೆಲುವನ್ನು ಬಯಸುವುದು ತಪ್ಪೆಂದು ನಾವು ಹೇಳುವುದಿಲ್ಲ; ತನ್ನ ಮುಖ ತನಗೆ ಒಪ್ಪಬೇಕೆಂಬ ಆಸೆ ಸಹಜವಾದದ್ದು, ಅದರ ನೋವೂ ನಿಜವಾದದ್ದು. ಆದರೆ ಅಲಂಕಾರದ ಬೇಡಿಕೆಯೇ ಬೆಳೆದು, ಸುಟ್ಟ ಮುಖದ ಬಡವಿ ಸರಕಾರಿ ಆಸ್ಪತ್ರೆಯ ಸಾಲಿನಲ್ಲಿ ತಿಂಗಳುಗಟ್ಟಲೆ ಕಾಯಬೇಕಾದರೆ, ಆ ವಿದ್ಯೆ ತನ್ನ ಹುಟ್ಟನ್ನೇ ಮರೆತಂತಾಗುತ್ತದೆ. ಕನ್ನಡನಾಡಿನ ಯುದ್ಧಭೂಮಿಯಲ್ಲಿ ಮೂಗು ಕಳೆದುಕೊಂಡ ಎತ್ತಿನಾಳಿಗೆ ಮರಾಠಿ ನಾಡಿನ ಇಟ್ಟಿಗೆಗಾರ ಅದನ್ನು ಮರಳಿ ಕೊಟ್ಟ. ಎರಡು ನಾಡುಗಳಿಗೂ ಸೇರಿದ ಮುಂಬಯಿ ಕನ್ನಡಿಗರಾದ ನಾವು ಅವನಿಗೆ ಋಣಿಗಳು. ಅವನ ಹೆಸರನ್ನು ಹುಡುಕಿ ತರುವುದು ಇನ್ನು ಸಾಧ್ಯವಿಲ್ಲ. ಸಾಯನ್ನಿನ ಚರ್ಮ ಬ್ಯಾಂಕಿಗೆ ಕೊಟ್ಟವರ ಹೆಸರನ್ನೂ ಪಡೆದವರು ಅರಿಯರು. ಆ ದಾನದ ಮಾತನ್ನು ನಮ್ಮ ಮನೆಗಳಲ್ಲಿ, ನಮ್ಮ ಸಂಘಗಳ ಸಭೆಗಳಲ್ಲಿ ಎತ್ತುವುದು ಮಾತ್ರ ನಮ್ಮ ಕೈಯಲ್ಲಿದೆ.