ಮನೆಯಲ್ಲೇ ಶುಚಿಕಾರಕ: ಅಂಟುವಾಳ, ಹುಣಸೆಹಣ್ಣು ಮತ್ತು ಅಹಿಂಸೆಯ ಲೆಕ್ಕ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಮನೆಗಳಲ್ಲಿ ಪಾತ್ರೆ ತೊಳೆದ, ನೆಲ ಒರೆಸಿದ ನೀರಿನ ಹೆಚ್ಚಿನ ಭಾಗ ಸೇರುವುದು ವೃಷಭಾವತಿ ಕಣಿವೆಗೆ. ಈ ನದಿ ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ, ಬಿಡದಿ ಬಳಿಯ ಭೈರಮಂಗಲ ಕೆರೆಯನ್ನು ತಲುಪುತ್ತದೆ. ಮುಂದೆ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನದಿಯಲ್ಲಿ ಏಳುವ ಬಿಳಿ ನೊರೆಗೆ ಕಾರ್ಖಾನೆಗಳ ಜೊತೆಗೆ ಮನೆಗಳ ಡಿಟರ್ಜೆಂಟ್ ಕೂಡ ಕಾರಣ. ಕೆಲವು ಡಿಟರ್ಜೆಂಟ್‌ಗಳಲ್ಲಿರುವ ಫಾಸ್ಫೇಟ್ ಪಾಚಿ ಮತ್ತು ಜಲಕಳೆಗೆ ಗೊಬ್ಬರವಾಗುತ್ತದೆ. ಅವು ಕೊಳೆತಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ.

ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡ ವಿರತಿಯೂ ಒಂದು. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಪ್ರಯೋಜನವಿಲ್ಲದೆ ನೀರು, ನೆಲ, ಸಸ್ಯಗಳಿಗೆ ತೊಂದರೆ ಕೊಡುವುದನ್ನು ಪ್ರಮಾದಚರ್ಯೆ ಎಂದು ಕರೆದಿದೆ. ಬಚ್ಚಲಿನಿಂದ ಹೊರಗೆ ಹೋಗುವ ನೀರಿಗೂ ಈ ಮಾತು ಅನ್ವಯಿಸುತ್ತದೆ.

ಅಂಟುವಾಳದ ದ್ರಾವಣ

ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ನೊರೆ ಕೊಡುವ ಅಂಶವಿದೆ. ಗ್ರಂಥಿಗೆ ಅಂಗಡಿಗಳಲ್ಲಿ ಒಣಗಿದ ಕಾಯಿ ಸಿಗುತ್ತದೆ.

• ಬೀಜ ತೆಗೆದ 100 ಗ್ರಾಂ ಸಿಪ್ಪೆಯನ್ನು ಹುಳು ಇಲ್ಲವೆಂದು ನೋಡಿಕೊಂಡು, ಸೋಸಿದ 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಸಬೇಕು.
• ಬೆಳಿಗ್ಗೆ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು.
• ನೆಲ ಒರೆಸಲು ಅರ್ಧ ಬಕೆಟ್ ನೀರಿಗೆ ಕಾಲು ಲೋಟ ಸಾಕು. ಜಿಡ್ಡಿನ ಪಾತ್ರೆಗೆ ಸ್ವಲ್ಪ ನಿಂಬೆರಸ ಸೇರಿಸಿ ತೆಂಗಿನ ನಾರಿನಿಂದ ಉಜ್ಜಬಹುದು. ರೇಷ್ಮೆ ಬಟ್ಟೆಗೂ ಇದು ಒಗ್ಗುತ್ತದೆ.

ದ್ರಾವಣ ಬೇಗ ಹುಳಿಯುತ್ತದೆ. ಎರಡು ಮೂರು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳುವುದು ಒಳ್ಳೆಯದು. ಕಣ್ಣಿಗೆ ಬಿದ್ದರೆ ಉರಿಯುತ್ತದೆ.

ಹಿತ್ತಾಳೆ, ತಾಮ್ರ ಮತ್ತು ಅಮೃತಶಿಲೆ

ಹುಣಸೆಹಣ್ಣಿನ ಆಮ್ಲ ಹಿತ್ತಾಳೆ, ತಾಮ್ರದ ಮೇಲಿನ ಕಪ್ಪನ್ನು ಕರಗಿಸುತ್ತದೆ. ನೆನೆಸಿದ ಹುಣಸೆಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜಿ, ಕೂಡಲೇ ತೊಳೆದು ಒರೆಸಬೇಕು. ಆಮ್ಲ ಲೋಹವನ್ನೂ ಸ್ವಲ್ಪ ಸವೆಸುವುದರಿಂದ ಇದು ಕೊಡ, ತಟ್ಟೆಗಳಿಗೆ ಮಾತ್ರ. ಜಿನಬಿಂಬಗಳಿಗೆ ಮೆತ್ತನೆಯ ಒಣ ಬಟ್ಟೆಯೇ ಸರಿ. ಅಮೃತಶಿಲೆಯ ನೆಲ, ಪೀಠಗಳ ಮೇಲೆ ನಿಂಬೆ, ಹುಣಸೆ, ವಿನೆಗರ್ ಯಾವುದನ್ನೂ ಹಾಕಬಾರದು. ಅದು ಸುಣ್ಣದ ಜಾತಿಯ ಕಲ್ಲು. ಹುಳಿ ತಾಗಿದರೆ ಹೊಳಪು ಹೋಗುತ್ತದೆ. ಬೋರ್‌ವೆಲ್‌ನ ಗಡುಸು ನೀರಿನಿಂದ ನಲ್ಲಿಗಳ ಮೇಲೆ ಕಟ್ಟುವ ಬಿಳಿ ಪದರ ನಿಂಬೆಹೋಳಿಗೆ ಬಿಡುವುದೂ ಇದೇ ಕಾರಣದಿಂದ.

ಬಯೋ ಎನ್‌ಜೈಮ್: ಮಾಡಬೇಕೆ, ಬೇಡವೆ?

1 ಭಾಗ ಬೆಲ್ಲ, 3 ಭಾಗ ನಿಂಬೆ, ಕಿತ್ತಳೆ ಅಥವಾ ಮೋಸಂಬಿ ಸಿಪ್ಪೆ, 10 ಭಾಗ ನೀರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ 3 ತಿಂಗಳು ಇಡುವ ವಿಧಾನ ಬೆಂಗಳೂರಿನ ಅನೇಕ ಮನೆಗಳಲ್ಲಿದೆ. ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಅನಿಲ ಬಿಡದಿದ್ದರೆ ಡಬ್ಬಿ ಒಡೆಯಬಹುದು. ಆದರೆ ಇದು ಹುದುಗುವಿಕೆಯಿಂದಲೇ ಆಗುವ ವಸ್ತು. ಅದರಲ್ಲಿ ಸೂಕ್ಷ್ಮಜೀವಿಗಳು ಅಪಾರವಾಗಿ ಹುಟ್ಟಿ ಸಾಯುತ್ತವೆ. ಬೆಲ್ಲದ ವಾಸನೆಗೆ ಇರುವೆ, ನೊಣಗಳೂ ಬಂದು ಬೀಳುತ್ತವೆ. ಹುಳಿ ಹಿಡಿದ ಪದಾರ್ಥವನ್ನು ತ್ಯಜಿಸಿರುವ ಮನೆಗಳಿಗೆ ಆಗಾಗ ಹೊಸದಾಗಿ ಕುದಿಸಿದ ಅಂಟುವಾಳವೇ ಹೊಂದುತ್ತದೆ.

ತಪ್ಪು ತಿಳಿವಳಿಕೆಗಳು

• ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬಾಟಲಿಯಲ್ಲಿ ತುಂಬಿಟ್ಟರೆ ಪ್ರಯೋಜನವಿಲ್ಲ. ಒಂದರ ಶಕ್ತಿಯನ್ನು ಇನ್ನೊಂದು ಕಳೆದು, ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸ ಮಾಡುತ್ತವೆ.
• ಮನೆಯ ದ್ರಾವಣಗಳು ಕೊಳೆ ತೆಗೆಯುತ್ತವೆ, ಆದರೆ ರೋಗಾಣುನಾಶಕಗಳಲ್ಲ. ಮನೆಯಲ್ಲಿ ಸಾಂಕ್ರಾಮಿಕ ಕಾಯಿಲೆ ಇದ್ದಾಗ ವೈದ್ಯರು ಹೇಳಿದ್ದನ್ನೇ ಬಳಸಬೇಕು.
• ಬ್ಲೀಚಿಂಗ್ ಪುಡಿಗೆ ಟಾಯ್ಲೆಟ್ ಆಸಿಡ್, ನಿಂಬೆ, ವಿನೆಗರ್ ಸೇರಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ.
• ‘ನೈಸರ್ಗಿಕ’ ಎಂದರೆ ನಿರಪಾಯ ಎಂದಲ್ಲ. ಸಪೋನಿನ್ ಮೀನುಗಳಿಗೆ ವಿಷ. ಸಪೋನಿನ್ ಇರುವ ಗಿಡಗಳನ್ನು ಜಜ್ಜಿ ನೀರಿಗೆ ಹಾಕಿ ಮೀನು ಹಿಡಿಯುವ ಪದ್ಧತಿ ಹಲವು ಕಡೆ ಇತ್ತು. ಗಟ್ಟಿ ದ್ರಾವಣವನ್ನು ಕೆರೆಗೋ ಮಳೆನೀರಿನ ಚರಂಡಿಗೋ ಸುರಿಯಬಾರದು. ತೆಳುವಾಗಿ ಬಳಸಿ ಒಳಚರಂಡಿಗೇ ಬಿಡಬೇಕು. ಹಿಂಡಿದ ಸಿಪ್ಪೆ ಹಸಿ ಕಸಕ್ಕೆ ಹೋಗಬೇಕು.

ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ: ತ್ಯಜಿಸುವುದನ್ನು ಜೀವಿಗಳಿಲ್ಲದ ಜಾಗ ನೋಡಿ ತ್ಯಜಿಸುವುದು. ಗೃಹಸ್ಥರಿಗೆ ಅಷ್ಟು ಕಟ್ಟುನಿಟ್ಟು ಇಲ್ಲ. ಆದರೂ ಯಾವ ವಸ್ತು ಬಳಸಿದೆವು ಎಂಬುದರ ಜೊತೆಗೆ ಎಷ್ಟು ಬಳಸಿದೆವು, ಎಲ್ಲಿಗೆ ಬಿಟ್ಟೆವು ಎಂಬುದನ್ನೂ ನೋಡಿಕೊಂಡರೆ ವೃಷಭಾವತಿಗೆ ಸೇರುವ ನಮ್ಮ ಮನೆಯ ಪಾಲು ಅಷ್ಟರಮಟ್ಟಿಗೆ ಹಗುರವಾಗುತ್ತದೆ.